ಟ್ರಂಕಿನಲ್ಲಿಟ್ಟ ಮೆಮೊ

ನನ್ನದು ಅನುಮಾನದ ಬುದ್ಧಿ. ಇದನ್ನು ನಾನು ಎಂದೂ ಮುಚ್ಚಿಟ್ಟವಳಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ಕಂಡಕ್ಟರು ಆಧಾರ್ ಕಾರ್ಡು ಕೇಳುತ್ತಾರಲ್ಲ, ಎಲ್ಲರೂ ಅದನ್ನು ಅವರ ಕೈಗೇ ಕೊಟ್ಟುಬಿಡುತ್ತಾರೆ. ನಾನು ಮಾತ್ರ ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದು ದೂರದಿಂದಲೇ ತೋರಿಸುತ್ತೇನೆ. ನಾರಾಯಣಖೇಡದ ಬಸ್ಸಿನಲ್ಲಿ ಒಬ್ಬ ಕಂಡಕ್ಟರ್ ಒಮ್ಮೆ ಸಿಟ್ಟಾಗಿ, "ನಾ ಏನು ಅದನ್ನ ತಿಂತೀನೇನ್ರಿ?" ಎಂದು ಕೇಳಿದ. "ತಿನ್ನೋರು ಹೇಳಿ ತಿಂತಾರೇನಪ್ಪಾ?" ಎಂದೆ. ಬಸ್ಸಿನವರೆಲ್ಲ ನಕ್ಕರು. ನಾನು ನಗಲಿಲ್ಲ.

ನಗದೇ ಇರುವುದಕ್ಕೆ ಕಾರಣವಿದೆ. ನಾನೂ ಹತ್ತನೇ ತರಗತಿ ಪಾಸಾದವಳು. ನನ್ನ ತವರು ತೆಲಂಗಾಣದ ಗಡಿಯಲ್ಲಿ, ಸಿರ್ಗಾಪುರದ ಹತ್ತಿರದ ಒಂದು ಕನ್ನಡದ ಹಳ್ಳಿ. ಕನ್ನಡ ಮೀಡಿಯಂನಲ್ಲಿ ಓದಿ, ನಮ್ಮೂರಿನಿಂದ ಆ ವರ್ಷ ಪಾಸಾದ ಒಬ್ಬಳೇ ಹುಡುಗಿ ಎನಿಸಿಕೊಂಡೆ. ಮುಂದೆ ಓದಿ ಟೀಚರ್ ಆಗಬೇಕೆಂದು ನನಗೆ ಬಹಳ ಆಸೆ. ಆಗ ನಮ್ಮಪ್ಪನ ಪರಿಚಯದವನೊಬ್ಬ ಮನೆಗೆ ಬಂದ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಹುಡುಗಿಗೆ ಹಾಸ್ಟೆಲ್ ಸೀಟು ಕೊಡಿಸುತ್ತೇನೆ, ಒರಿಜಿನಲ್ ಕಾಗದ ಕೊಡಿ ಅಂದ. ಅಪ್ಪ ಚಹಾ ಕೊಟ್ಟು, ಅದರ ಜೊತೆಗೆ ನನ್ನ ಮಾರ್ಕ್ಸ್ ಮೆಮೊ, ಟಿಸಿ ಎರಡನ್ನೂ ಕೊಟ್ಟುಬಿಟ್ಟ. ಆ ಮನುಷ್ಯ ಮತ್ತೆ ಈ ಕಡೆ ಮುಖ ಹಾಕಲಿಲ್ಲ. ಹುಡುಕಿಕೊಂಡು ಹೋದರೆ, ಬಸ್ಸಿನಲ್ಲಿ ಎಲ್ಲೋ ಬಿದ್ದುಹೋಯಿತು ಅಂದನಂತೆ. ಡೂಪ್ಲಿಕೇಟ್ ತೆಗೆಸಬೇಕೆಂದರೆ ಪೊಲೀಸ್ ಠಾಣೆ, ನೋಟರಿ, ಹೈದರಾಬಾದಿನ ಆಫೀಸು. "ಹೋಗ್ಲಿ ಬಿಡವಾ. ಮದಿವಿ ಮಾಡಾಕ ಮೆಮೊ ಯಾರು ಕೇಳ್ತಾರ?" ಎಂದ ಅಪ್ಪ. ಖರೆ, ಯಾರೂ ಕೇಳಲಿಲ್ಲ. ಮರುವರ್ಷ ನಾಗಲಗಿದ್ದದ ಕಡೆಯ ಈ ಊರಿಗೆ ಮದುವೆಯಾಗಿ ಬಂದೆ. ತೊಗರಿ ಬಿತ್ತಿದೆ, ಕಳೆ ತೆಗೆದೆ, ಒಬ್ಬ ಮಗಳನ್ನು ಹೆತ್ತೆ. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆ ಕಂಡರೂ ಹಿಂದೆ ಸರಿಯಿತಂತೆ. ಆ ಬೆಕ್ಕು ನಾನೇ.

ಮಗಳು ಹತ್ತನೇ ತರಗತಿಗೆ ಬಂದಾಗ ನಮ್ಮೂರ ಶಾಲೆಗೆ ತಾಂಡೂರಿನ ಕಡೆಯಿಂದ ಹೊಸದಾಗಿ ಒಬ್ಬ ತೆಲುಗು ಮೇಷ್ಟ್ರು ಬಂದರು. ನಲವತ್ತರ ಆಸುಪಾಸು, ತೆಳ್ಳಗೆ, ಹೆಗಲಿಗೆ ಯಾವಾಗಲೂ ಒಂದು ಕಪ್ಪು ಚೀಲ. ಕನ್ನಡ ಮಾತಾಡುತ್ತಿದ್ದರು, ಆದರೆ ಪ್ರತಿ ಮಾತಿಗೂ ಒಂದು 'ಅಮ್ಮಾ' ಸೇರಿಸುತ್ತಿದ್ದರು. ಅಷ್ಟೊಂದು 'ಅಮ್ಮಾ' ಅನ್ನುವವರನ್ನು ಕಂಡರೆ ನನಗೆ ಮೊದಲೇ ಆಗದು.

ಅವರು ಬಂದ ತಿಂಗಳಿಗೇ ಹತ್ತನೇ ತರಗತಿಯ ಒಬ್ಬೊಬ್ಬ ಹುಡುಗರ ಮನೆಗೂ ಹೋಗತೊಡಗಿದರು. ನಮ್ಮ ಮನೆಗೂ ಬಂದರು. ಕಟ್ಟೆಯ ಮೇಲೆ ಕೂತು ಚೀಲದಿಂದ ಒಂದು ದಪ್ಪ ನೋಟ್‌ಬುಕ್ ತೆಗೆದರು. ಒಬ್ಬೊಬ್ಬ ಹುಡುಗರಿಗೆ ಒಂದೊಂದು ಹಾಳೆ. ಮಗಳ ಹಾಳೆಯಲ್ಲಿ ಆಕೆಯ ಹೆಸರು, ನಮ್ಮ ಫೋನ್ ನಂಬರು, ಆರು ವಿಷಯಗಳು, ಎದುರಿಗೆ ಮಾರ್ಕ್ಸು. ತೆಲುಗಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು.

"ಮುಂದ ಏನು ಓದಬೇಕಂತಿ ತಾಯಿ?" ಎಂದು ಮಗಳನ್ನು ಕೇಳಿದರು.

"ದನದ ಡಾಕ್ಟರ್ ಆಗ್ತೀನಿ ಸಾರ್," ಎಂದಳು ಮಗಳು. ಚಿಕ್ಕಂದಿನಿಂದ ಆಕೆಗೆ ಅದೊಂದೇ ಹುಚ್ಚು. ನಮ್ಮ ಎಮ್ಮೆ ಕರು ಹಾಕಿದ ದಿನ ಶಾಲೆಗೆ ಹೋಗದೆ ಕೊಟ್ಟಿಗೆಯಲ್ಲೇ ಕೂತವಳು ಆಕೆ.

"ಹಂಗಾದ್ರ ಹತ್ತನೇದಾದ ಮ್ಯಾಲೆ ಇಂಟರ್‌ನಾಗ ಬೈಪಿಸಿ ಗ್ರೂಪ್ ತಗೋಬೇಕಮ್ಮಾ," ಎಂದು ನನ್ನ ಕಡೆ ತಿರುಗಿದರು. "ಬೈಪಿಸಿ ಅಂದ್ರ ಜೀವಶಾಸ್ತ್ರದ್ದು. ಅದಿಲ್ಲಂದ್ರ ದನದ ಡಾಕ್ಟರ್ ಓದಾಕ ದಾರಿ ಇಲ್ಲ. ಜಹೀರಾಬಾದಿನ ಸರ್ಕಾರಿ ವಸತಿ ಕಾಲೇಜಿನಾಗ ಅದ. ಆದ್ರ ಅಲ್ಲಿ ಎರಡನೇ ಭಾಷಾ ತೆಲುಗು. ಈಗ ಹತ್ತನೇದಾಗೂ ತೆಲುಗು ಪಾಸ್ ಆಗಲೇಬೇಕು. ಒಂದರಾಗ ಫೇಲ್ ಆದ್ರೂ ಸಪ್ಲಿಮೆಂಟರಿ ಬರಿಯೋದ್ರಾಗ ಸೀಟು ಮುಗದು ಹೋಗ್ತಾವ. ದಿನಾ ಸಂಜಿಕ ಒಂದು ತಾಸು ನಾ ಹೇಳಿಕೊಡ್ತೀನಿ."

"ಎಷ್ಟು ತಗೋತೀರಿ?" ಎಂದೆ.

"ಏನೂ ಇಲ್ಲಮ್ಮಾ."

ಪುಕ್ಕಟೆ ಕೊಡುವವರು ಎಲ್ಲಿಯಾದರೂ ಇದ್ದಾರೆಯೇ? ಸಾಲದ್ದಕ್ಕೆ ಮುಂದಿನ ಸಲ ಊರಿಂದ ಬರುವಾಗ ಒಂದು ಚೀಲದಲ್ಲಿ ತಾಂಡೂರಿನ ತೊಗರಿಬೇಳೆ ಬೇರೆ ತಂದುಕೊಟ್ಟರು. ಅಲ್ಲ, ತೊಗರಿ ಬೆಳೆಯುವವರ ಮನೆಗೆ ಬೇಳೆ! ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೇ ದಿನ ಮನೆಯಲ್ಲಿ ಬೇಳೆ ತೀರಿತ್ತೆಂದು ಬೇಯಿಸಿದೆ. ಬೆಣ್ಣೆಯಂತೆ ಬೆಂದಿತು. ಅದಕ್ಕೂ ನನಗೆ ಸಿಟ್ಟು ಬಂತು.

ನನ್ನ ಅನುಮಾನ ಗಾಳಿಯಲ್ಲಿ ಹುಟ್ಟಿದ್ದಲ್ಲ. ಪರೀಕ್ಷೆ ಹತ್ತಿರ ಬಂತೆಂದರೆ ಖಾಸಗಿ ಕಾಲೇಜುಗಳ ಪಿಆರ್‌ಓಗಳು ಹಳ್ಳಿ ಹಳ್ಳಿ ತಿರುಗುತ್ತಾರೆ. ಪಿಆರ್‌ಓ ಅಂದರೆ ಮಕ್ಕಳನ್ನು ಕಾಲೇಜಿಗೆ ಸೇರಿಸಿ ಕಮಿಷನ್ ತೆಗೆದುಕೊಳ್ಳುವ ಏಜೆಂಟ್. ಮೊದಲು ಮನೆಗೆ ಬರುತ್ತಾರೆ, ಮಾರ್ಕ್ಸ್ ಕೇಳುತ್ತಾರೆ, ಫೋನ್ ನಂಬರು ಬರೆದುಕೊಳ್ಳುತ್ತಾರೆ, ಕೊನೆಗೆ ಒರಿಜಿನಲ್ ಕೇಳುತ್ತಾರೆ. ಒಮ್ಮೆ ಒರಿಜಿನಲ್ ಅವರ ಕೈಗೆ ಹೋಯಿತೆಂದರೆ ಹುಡುಗಿ ಅವರು ಹೇಳಿದ ಕಾಲೇಜಿಗೇ ಹೋಗಬೇಕು. ಕೆಲವು ಕಡೆ ಮೇಷ್ಟ್ರುಗಳೇ ಈ ಕೆಲಸ ಮಾಡುತ್ತಾರೆಂಬ ಮಾತು ನಮ್ಮ ಕಡೆ ಓಡಾಡುತ್ತಿತ್ತು. ಈ ಮನುಷ್ಯ ಮನೆಗೆ ಬಂದ, ಮಾರ್ಕ್ಸ್ ಕೇಳಿದ, ನಂಬರು ಬರೆದುಕೊಂಡ. ಇನ್ನು ಉಳಿದದ್ದು ಒಂದೇ. ನನ್ನ ಫೋನಿನಲ್ಲಿ ಅವರ ನಂಬರನ್ನು 'ತಾಂಡೂರ್ ಏಜೆಂಟ್' ಎಂದು ಸೇವ್ ಮಾಡಿಕೊಂಡೆ. ಆ ನಂಬರಿನಿಂದ ಕರೆ ಬಂದಾಗ ಮರೆತು ನಂಬಿಬಿಡಬಾರದು ನೋಡಿ.

ಹಾಗಂತ ಮಗಳನ್ನು ಪಾಠಕ್ಕೆ ಕಳಿಸದೆ ಇರಲಾಗಲಿಲ್ಲ. ತೆಲುಗು ಆಕೆಗೆ ಮಾತಾಡಲು ಬರುತ್ತಿತ್ತು, ಬರೆಯಲು ಕೂತರೆ ಬೆವರುತ್ತಿದ್ದಳು. ಕಳಿಸಿದೆ, ಜೊತೆಗೆ ನಾನೂ ಹೋದೆ. ಶಾಲೆಯ ಜಗುಲಿಯಲ್ಲಿ ಮೇಷ್ಟ್ರು ಪಾಠ ಹೇಳುತ್ತಿದ್ದರೆ ನಾನು ಕಂಬಕ್ಕೆ ಒರಗಿ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕೂತಿರುತ್ತಿದ್ದೆ. ಕೈ ತೊಗರಿಯಲ್ಲಿ, ಕಣ್ಣು ಮೇಷ್ಟ್ರ ಮೇಲೆ. ನಮ್ಮ ಮನೆಯ ಹಿಂದಿನ ಮನೆಯವಳ ಮಗಳು ಆಗ ಒಂಬತ್ತನೇ ತರಗತಿಯಲ್ಲಿದ್ದಳು. ನರ್ಸಿಂಗ್ ಡಿಗ್ರಿ ಓದಬೇಕೆಂಬ ಹುಡುಗಿ. ಅವಳೂ ನನ್ನ ಮಗಳ ಬಾಲ ಹಿಡಿದು ಬಂದು ಕೂರುತ್ತಿದ್ದಳು. ನನ್ನನ್ನು ದೊಡ್ಡವ್ವ ಎಂದು ಕರೆಯುತ್ತಾಳೆ, ನಾನು ಹೇಳಿದ್ದೆಂದರೆ ಅವಳಿಗೂ ಅವಳ ಅವ್ವನಿಗೂ ವೇದವಾಕ್ಯ. ಎಂಟು ತಿಂಗಳು ಹೀಗೇ ಕಾವಲು ಕಾಯ್ದೆ. ಮೇಷ್ಟ್ರು ತಪ್ಪು ಮಾಡಿದ್ದು ಒಮ್ಮೆಯೂ ಸಿಗಲಿಲ್ಲ. ಬಲು ಹುಷಾರಿ ಮನುಷ್ಯ ಅಂದುಕೊಂಡೆ.

ಮಗಳು ಪಾಸಾದಳು. ತೆಲುಗಿನಲ್ಲೂ ಪಾಸಾದಳು, ಅದೂ ಒಳ್ಳೆಯ ಮಾರ್ಕ್ಸ್ ತೆಗೆದು. ನಾನು ಹಿಗ್ಗಿ ಊರಿಗೆಲ್ಲ ಸಕ್ಕರೆ ಹಂಚಿದೆ, ಮೇಷ್ಟ್ರಿಗೂ ಕೊಟ್ಟೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುವವಳಲ್ಲ ನಾನು. ಆದರೆ ಈ ಅಂಬಿಗ ದಡಕ್ಕೆ ಬಂದ ಮೇಲೂ ಕೈ ಬಿಡುತ್ತಿರಲಿಲ್ಲ.

ಮೆಮೊ, ಟಿಸಿ, ಶಾಲೆಯಲ್ಲಿ ಓದಿದ ಬೋನಾಫೈಡ್ ಕೊಡುವ ದಿನ ನಾನೇ ಮಗಳ ಜೊತೆ ಶಾಲೆಗೆ ಹೋದೆ. ಮಗಳು ಸಹಿ ಮಾಡಿದ ತಕ್ಷಣ ಮೂರನ್ನೂ ನನ್ನ ಕೈಗೆ ತೆಗೆದುಕೊಂಡೆ. ಗೇಟಿನಲ್ಲಿ ಮೇಷ್ಟ್ರು ಸಿಕ್ಕರು.

"ಇವನ್ನ ಲ್ಯಾಮಿನೇಷನ್ ಮಾಡಿಸ್ತೀನಿ ಸಾರ್. ಇಲಿ ಕಾಟ, ಮಳಿ ಕಾಟ," ಎಂದೆ.

"ಅಯ್ಯೋ ಬ್ಯಾಡಮ್ಮಾ!" ಎಂದರು ಗಾಬರಿಯಾಗಿ. "ಲ್ಯಾಮಿನೇಷನ್ ಮಾಡಿದ್ದು ಕಾಲೇಜಿನವರು ತಗೊಳ್ಳಂಗಿಲ್ಲ. ಒರಿಜಿನಲ್ ಹಂಗೇ ಇರಬೇಕು, ಅವರು ಮುಟ್ಟಿ ನೋಡ್ತಾರ, ಸೀಲ್ ಹಾಕ್ತಾರ. ಕೌನ್ಸೆಲಿಂಗ್ ದಿನ ಒರಿಜಿನಲ್ ಕೊಟ್ರೇ ಸೀಟು. ನಿಮಗ ಭಯ ಇದ್ರ ನನ್ನ ಹತ್ರ ಕೊಡ್ರಿ, ಅಲ್ಲಿತನಕ ಶಾಲಿ ಬೀರುದಾಗ ಇಡ್ತೀನಿ."

ಸಿಕ್ಕಿಬಿದ್ದೆಯಲ್ಲ ಮಗನೇ, ಎಂದುಕೊಂಡೆ ಮನಸ್ಸಿನಲ್ಲಿ. ಒಂದು ವರ್ಷ ಕಾದದ್ದು ಈ ಮಾತಿಗೆ! ಬಿಳಿ ಅಂಗಿ, ಎರಡು ಪೆನ್ನು ಕಣ್ಣ ಮುಂದೆ ಬಂದವು. "ನೋಡೋಣ ಸಾರ್," ಎಂದಷ್ಟೇ ಹೇಳಿ ಮನೆಗೆ ಬಂದೆ. ಲ್ಯಾಮಿನೇಷನ್ ಮಾಡಿಸಲೇಬೇಕು ಎಂದು ಅಲ್ಲೇ ತೀರ್ಮಾನಿಸಿದೆ. ಅದರ ಮೇಲೆ ಯಾರೂ ಗೀಚಲಾರರು, ಯಾರೂ ಸೀಲು ಒತ್ತಲಾರರು. ನಮ್ಮ ಕಡೆ ಬೆಲೆಯುಳ್ಳ ಕಾಗದವೆಂದರೆ ಹಾಗೆಯೇ. ಹೊಲದ ಪಟ್ಟಾ ಪಾಸ್‌ಬುಕ್ಕಿನ ಹಾಳೆಯಿಂದ ಹಿಡಿದು ಜಾತಿ ಸರ್ಟಿಫಿಕೇಟಿನವರೆಗೆ ಲ್ಯಾಮಿನೇಷನ್ ಆಗದ ಕಾಗದ ಮನೆಯಲ್ಲಿದ್ದರೆ ನಿದ್ದೆ ಬಾರದು.

"ಅವ್ವಾ, ಸಾರ್ ಬ್ಯಾಡ ಅಂದಾರ," ಎಂದಳು ಮಗಳು.

"ಸಾರ್ ನಿನ್ನ ಹೆತ್ತಾರೇನು?" ಎಂದೆ. "ಕೌನ್ಸೆಲಿಂಗಿಗೆ ಝೆರಾಕ್ಸ್ ಕೊಡೋಣು. ಒರಿಜಿನಲ್ ಸತ್ರೂ ಕೊಡಂಗಿಲ್ಲ."

"ಝೆರಾಕ್ಸಿಗೆ ಸೀಟು ಕೊಡಂಗಿಲ್ಲವಾ. ಬೈಪಿಸಿ ಹೋಗ್ತದ."

"ಹೋದ್ರ ಹೋಗ್ಲಿ. ಮೆಮೊ ಇದ್ರ ಮುಂದಿನ ವರ್ಷನಾದ್ರೂ ಓದಬಹುದು. ಮೆಮೊನೇ ಹೋದ್ರ ನನ್ನಂಗ ತೊಗರಿ ಹಸನ ಮಾಡಬೇಕಾಗ್ತದ, ತಿಳಿತೇನು?"

ಆಕೆ ಅಳಲಿಲ್ಲ, ಹಟ ಮಾಡಲಿಲ್ಲ. ಅಪ್ಪನ ಮುಖ ನೋಡಿದಳು. ನಮ್ಮನೆಯವರು ಮಾತು ಕಡಿಮೆಯವರು. ಬೀಡಿ ಹಚ್ಚಿಕೊಂಡು ಹೊರಗೆ ಹೋದರು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಊರ ಮಂದಿಯನ್ನೆಲ್ಲ ಅನುಮಾನಿಸುವ ಈ ಹೆಂಗಸಿಗೆ ಮನೆಯ ಮಂದಿಯ ಮೇಲೆ ಮಾತ್ರ ಬರಲಿಲ್ಲ.

ಮರುದಿನ ನಾನೇ ನಾರಾಯಣಖೇಡಕ್ಕೆ ಹೋಗಿ ಎದುರು ನಿಂತು ಲ್ಯಾಮಿನೇಷನ್ ಮಾಡಿಸಬೇಕೆಂದಿದ್ದೆ. ಆದರೆ ಅವತ್ತೇ ಪಸ್ತಾಪುರದಲ್ಲಿ ಹೆಂಗಸರ ಸಂಘದ ಬೀಜದ ಸಭೆ. ನವಣೆ, ಸಜ್ಜೆ ಬೀಜ ತರಬೇಕಿತ್ತು, ಬಿತ್ತನೆಯ ಮಿರುಗದ ಮಳೆ ನನಗಾಗಿ ಕಾಯುವುದಿಲ್ಲ. ಅಪ್ಪ ಮಗಳಿಬ್ಬರನ್ನೂ ಕಳಿಸಿದೆ. "ಮಷಿನಿಗೆ ಹಾಕೋತನಕ ಅಂಗಡಿಯವನ ಕೈ ಮ್ಯಾಲೆ ಕಣ್ಣಿಡ್ರಿ" ಎಂದು ಮೂರು ಸಲ ಹೇಳಿ ಕಳಿಸಿದೆ.

ಸಂಜೆ ಬಂದು ನೋಡಿದರೆ ಮೂರೂ ಕಾಗದ ಫಳಫಳ ಹೊಳೆಯುತ್ತಿದ್ದವು. ತಿರುಗಿಸಿ ಮುರುಗಿಸಿ ನೋಡಿದೆ. ಮಗಳ ಹೆಸರು, ಮಾರ್ಕ್ಸು, ಸೀಲು, ಸಹಿ ಎಲ್ಲ ಬರೋಬ್ಬರಿ ಇತ್ತು. ನನ್ನ ಮದುವೆಯ ಟ್ರಂಕಿನಲ್ಲಿ ಇಳಕಲ್ ಸೀರೆಯ ಮಡಿಕೆಯೊಳಗೆ ಇಟ್ಟು ಕೀಲಿ ಹಾಕಿದೆ. ಕೀಲಿಯನ್ನು ಕೊರಳ ಕರಿಮಣಿಗೆ ಕಟ್ಟಿಕೊಂಡೆ. ಎಷ್ಟೋ ವರ್ಷದ ಮೇಲೆ ಅವತ್ತು ನೆಮ್ಮದಿಯಿಂದ ಮಲಗಿದೆ.

ಕೌನ್ಸೆಲಿಂಗ್ ದಿನ ಮೂವರೂ ಜಹೀರಾಬಾದಿಗೆ ಹೊರಟೆವು. ಮಗಳ ಕೈಯಲ್ಲಿ ಝೆರಾಕ್ಸಿನ ಪ್ಲಾಸ್ಟಿಕ್ ಕವರು. ನಮ್ಮನೆಯವರ ಕೈಯಲ್ಲಿ ರೊಟ್ಟಿ, ಹಿಂಡಿಪಲ್ಲೆ ಕಟ್ಟಿದ ಬಟ್ಟೆಯ ಚೀಲ. ಬಸ್ಸಿನಲ್ಲಿ ಜನ ಜಾಸ್ತಿಯಾಗಿ ಅವರು ನಿಂತುಕೊಂಡರು. ಚೀಲವನ್ನು ನಾನೇ ಇಸಿದುಕೊಂಡು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದೆ. ಈ ಮಾತನ್ನು ನೆನಪಿಡಿ.

ಕಾಲೇಜಿನ ಗೇಟಿನೊಳಗೆ ಹುಡುಗಿಯ ಜೊತೆ ಒಬ್ಬರನ್ನೇ ಬಿಡುತ್ತಿದ್ದರು. ನಾನು ಹೋಗುತ್ತೇನೆ ಎಂದೆ. "ನೀ ಒಳಗ ಜಗಳ ಮಾಡ್ತಿ, ನಾ ಹೋಗ್ತೀನಿ," ಎಂದು ನಮ್ಮನೆಯವರು ರೊಟ್ಟಿ ಚೀಲದ ಸಮೇತ ಒಳಗೆ ನಡೆದರು. "ರೊಟ್ಟಿ ಯಾಕ?" ಎಂದೆ. "ತಡ ಆದ್ರ ಹುಡುಗಿ ಹಸೀತಾಳ," ಎಂದರು. ಸರಿ ಎನಿಸಿತು. ಬೇವಿನ ಗಿಡದ ನೆರಳಲ್ಲಿ ಕೂತೆ.

ಅಷ್ಟರಲ್ಲಿ ಯಾರು ಬಂದರು ಅಂತೀರಿ? ತಾಂಡೂರಿನ ಮೇಷ್ಟ್ರು! ಹೆಗಲಿಗೆ ಅದೇ ಕಪ್ಪು ಚೀಲ. ಗೇಟಿನ ಹತ್ತಿರ ಕೈಯಲ್ಲಿ ಫೈಲು ಹಿಡಿದ ಒಬ್ಬನ ಜೊತೆ ಏನೋ ಮಾತಾಡುತ್ತಿದ್ದರು. ನನ್ನ ಪಿತ್ತ ನೆತ್ತಿಗೇರಿತು. ಎದ್ದು ಹೋಗಿ ಎದುರು ನಿಂತೆ.

"ಒಂದು ಹುಡುಗಿಗೆ ಎಷ್ಟು ಕಮಿಷನ್ ಸಾರ್ ನಿಮಗ?"

ಸುತ್ತ ಇದ್ದ ತಾಯಿತಂದೆಯರೆಲ್ಲ ತಿರುಗಿ ನೋಡಿದರು. ಮೇಷ್ಟ್ರ ಕೈ ಚೀಲದ ಪಟ್ಟಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಸಾಬೀತಾಯಿತು ಎಂದುಕೊಂಡೆ. ಅವರು ಮಾತ್ರ ತಣ್ಣಗೆ, "ನಮ್ಮ ಶಾಲಿ ಹುಡುಗರು ಐದು ಮಂದಿ ಬಂದಾರಮ್ಮಾ. ಅವರಿಗೆ ಕಾಗದ ಜೋಡಿಸಿಕೊಡಾಕ ಬಂದೀನಿ. ನಿಮ್ಮ ಮಗಳು ಒರಿಜಿನಲ್ ತಂದಾಳಲ್ಲ?" ಎಂದರು.

"ತಂದಿಲ್ಲ. ತರಂಗೂ ಇಲ್ಲ."

ಅವರ ಮುಖ ಸಣ್ಣಗಾಯಿತು. ಒಳಗೆ ಹೋಗಲು ಗೇಟಿನ ಕಡೆ ಎರಡು ಹೆಜ್ಜೆ ಇಟ್ಟರು. ಆಗಲೇ ಮಗಳು ಓಡಿಬಂದಳು, ಹಿಂದೆ ಅವರಪ್ಪ. "ಅವ್ವಾ, ಬೈಪಿಸಿ ಸಿಕ್ತು!"

"ಝೆರಾಕ್ಸಿನ ಮ್ಯಾಲೇ ಕೊಟ್ರೇನು?"

ಮಗಳು ಅಪ್ಪನ ಕಡೆ ಒಮ್ಮೆ ನೋಡಿ, "ಹೂಂ ಅವ್ವಾ," ಎಂದಳು.

ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಮೇಷ್ಟ್ರ ಕಡೆ ತಿರುಗಿ, "ಕೇಳಿದ್ರೇನ್ರಿ? ಒರಿಜಿನಲ್ ಬೇಕಂತ ಒರಿಜಿನಲ್!" ಎಂದೆ. ಅವರು ಮಗಳ ಮುಖ ನೋಡಿದರು, ನಮ್ಮನೆಯವರ ಕೈಯ ಚೀಲ ನೋಡಿದರು. "ಮಂಚಿದಮ್ಮಾ, ಒಳ್ಳೇದಾತು," ಎಂದು ಹೇಳಿ ಹೋಗಿಬಿಟ್ಟರು. ಸೋತು ಹೋದ ಕಳ್ಳ ಎಂದುಕೊಂಡು ನಾನು ಚೀಲ ಬಿಚ್ಚಿ ರೊಟ್ಟಿ ತಿಂದೆ. ಆ ವರ್ಷವೇ ಅವರಿಗೆ ತಾಂಡೂರಿನ ಕಡೆಗೆ ವರ್ಗವಾಯಿತು.

ಮುಂದಿನ ಎರಡು ವರ್ಷ ನನ್ನ ಬಾಯಿಗೆ ಬೀಗ ಇರಲಿಲ್ಲ. ನೀರಿನ ಟ್ಯಾಂಕಿನ ಹತ್ತಿರ, ಹೊಲದ ಬದುವಿನಲ್ಲಿ, ಸಂಘದಲ್ಲಿ, ಸಿಕ್ಕಸಿಕ್ಕವರಿಗೆ ಇದೇ ಕಥೆ. "ಒರಿಜಿನಲ್ ಯಾರಿಗೂ ಕೊಡಬ್ಯಾಡ್ರಿ. ನನ್ನ ಮಗಳು ಝೆರಾಕ್ಸಿನ ಮ್ಯಾಲೆ ಸೀಟು ತಗೊಂಡಾಳ. ಧೈರ್ಯ ಬೇಕು, ಧೈರ್ಯ." ಮಗಳು ಹಾಸ್ಟೆಲಿನಲ್ಲಿದ್ದಳು, ಕೇಳಿಸಿಕೊಳ್ಳಲು ಇರಲಿಲ್ಲ. ನಮ್ಮನೆಯವರು ಕೇಳಿಸಿಕೊಂಡು ಬೀಡಿ ಹಚ್ಚುತ್ತಿದ್ದರು.

ಮರುವರ್ಷ ಹಿಂದಿನ ಮನೆಯ ಹುಡುಗಿ ಹತ್ತನೇದು ಪಾಸಾದಳು. ವಸತಿ ಕಾಲೇಜಿನ ಬೈಪಿಸಿ ಲಿಸ್ಟಿನಲ್ಲಿ ಅವಳ ಹೆಸರೂ ಬಂತು. ಅವಳ ಅವ್ವ ನನ್ನ ಹತ್ತಿರ ಬಂದು, "ಅಕ್ಕಾ, ಏನು ಒಯ್ಯಲಿ?" ಎಂದು ಕೇಳಿದಳು. "ಝೆರಾಕ್ಸ್ ಸಾಕು. ಒರಿಜಿನಲ್ ಮನ್ಯಾಗ ಇಡು," ಎಂದೆ. ಝೆರಾಕ್ಸ್ ಒಯ್ದರು. ಒರಿಜಿನಲ್ ಇಲ್ಲದೆ ಆಗದು, ಸಂಜೆಯೊಳಗೆ ತನ್ನಿ ಅಂದರಂತೆ. ಜಹೀರಾಬಾದಿನಿಂದ ನಮ್ಮೂರಿಗೆ ಎರಡು ಬಸ್ಸು ಬದಲಿಸಬೇಕು. ಬಂದು ಹೋಗುವುದರೊಳಗೆ ಬಾಗಿಲು ಮುಚ್ಚಿತ್ತು, ಕಡೆಯ ದಿನವೂ ಅದೇ ಆಗಿತ್ತು. ಸೀಟು ಮುಂದಿನವರಿಗೆ ಹೋಯಿತು. ಹುಡುಗಿ ನಾರಾಯಣಖೇಡದಲ್ಲಿ ಸಿಇಸಿಗೆ, ಅಂದರೆ ಕಾಮರ್ಸ್ ಗ್ರೂಪಿಗೆ ಸೇರಿದಳು. "ನೀವು ಗಟ್ಟಿಯಾಗಿ ಮಾತಾಡಿಲ್ಲ, ಅದಕ್ಕೇ ಹಿಂಗಾತು," ಎಂದು ನಾನು ಅವರಿಗೇ ಬೈದೆ. ಪಾಪ, ಅವರು ಹೌದೆಂದು ತಲೆಯಾಡಿಸಿದರು.

ಇದೇ ವರ್ಷ ಮಗಳ ಇಂಟರ್ ಮುಗಿಯಿತು. ಒಳ್ಳೆಯ ಮಾರ್ಕ್ಸ್ ಬಂದಿತ್ತು. ಟಿಸಿ ತರಲು ಈ ಸಲ ನಾನೇ ಮಗಳ ಜೊತೆ ಜಹೀರಾಬಾದಿಗೆ ಹೋದೆ. "ಅಪ್ಪ ಬರ್ಲಿ ಅವ್ವಾ, ನೀ ಯಾಕ?" ಎಂದು ಮಗಳು ಎರಡು ಸಲ ಅಂದಳು. ನಾನು ಕೇಳಲಿಲ್ಲ.

ಆಫೀಸಿನಲ್ಲಿ ಒಬ್ಬ ಮೇಡಂ ಮಗಳ ಫೈಲು ತೆಗೆದು ಒಂದೊಂದೇ ಕಾಗದ ಎಣಿಸಿ ನನ್ನ ಕೈಗಿತ್ತರು. ಇಂಟರ್ ಟಿಸಿ. ಬೋನಾಫೈಡ್. ಆಮೇಲೆ, "ಹತ್ತನೇ ತರಗತಿ ಒರಿಜಿನಲ್ ಮೆಮೊ."

"ಇದು ನಮ್ಮದಲ್ಲ," ಎಂದೆ.

"ನಿಮ್ಮ ಮಗಳ ಹೆಸರೇ ಅದಲ್ಲ?"

"ಹೆಸರು ಅದ. ಆದ್ರ ಒರಿಜಿನಲ್ ನನ್ನ ಟ್ರಂಕಿನಾಗ ಅದ. ಇದು ನಕಲಿ. ಯಾರು ಮಾಡ್ಯಾರ ಇದನ್ನ? ಖರೆ ಹೇಳ್ರಿ!" ನನ್ನ ದನಿ ಏರಿತು. ಸಾಲಿನಲ್ಲಿದ್ದವರು ಮುಂದೆ ಬಂದರು. ಮಗಳ ಹೆಸರಿನಲ್ಲಿ ನಕಲಿ ಮೆಮೊ ಮಾಡಿ ಇನ್ನಾರಿಗೋ ಸೀಟು ಕೊಟ್ಟಿದ್ದಾರೋ ಏನೋ ಎಂಬಲ್ಲಿಯವರೆಗೆ ನನ್ನ ತಲೆ ಓಡಿತು. ಅದನ್ನೂ ಬಾಯಿಬಿಟ್ಟು ಹೇಳಿಬಿಟ್ಟೆ.

ಮೇಡಂ ಸಿಟ್ಟಾಗಲಿಲ್ಲ. ಹಳೆಯ ರಿಜಿಸ್ಟರ್ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಒರಿಜಿನಲ್ ಮೆಮೊ, ಟಿಸಿ, ಬೋನಾಫೈಡ್ ಕೊಟ್ಟಿದ್ದೇವೆ ಎಂದಿತ್ತು. ಕೆಳಗೆ ಕನ್ನಡದಲ್ಲಿ ಒಂದು ಸಹಿ, ಕೊನೆಯ ಅಕ್ಷರಕ್ಕೆ ಎಮ್ಮೆಯ ಬಾಲದಂತೆ ಉದ್ದ ಎಳೆದ ಗೆರೆ. ಆ ಬಾಲ ನನ್ನ ಗಂಡನ ಸಹಿಗೆ ಬಿಟ್ಟರೆ ಜಗತ್ತಿನಲ್ಲಿ ಇನ್ನಾರ ಸಹಿಗೂ ಇಲ್ಲ.

ಮಗಳ ಕಡೆ ತಿರುಗಿದೆ. ಆಕೆ ನೆಲ ನೋಡುತ್ತಿದ್ದಳು.

"ನಡಿ ಹೊರಗ," ಎಂದೆ.

ಅದೇ ಬೇವಿನ ಗಿಡದ ಕೆಳಗೆ ಎಲ್ಲ ಹೇಳಿದಳು. ನಾರಾಯಣಖೇಡದಲ್ಲಿ ಕಲರ್ ಝೆರಾಕ್ಸ್ ತೆಗೆಸಿ, ಅದಕ್ಕೇ ಲ್ಯಾಮಿನೇಷನ್ ಮಾಡಿಸಿ ನನಗೆ ಕೊಟ್ಟಿದ್ದರು ಅಪ್ಪ ಮಗಳು. ಒರಿಜಿನಲ್ ಹೊದಿಕೆಯ ಗಂಟಿನಲ್ಲಿತ್ತು. ಕೌನ್ಸೆಲಿಂಗ್ ದಿನ ರೊಟ್ಟಿಯ ಕೆಳಗಿತ್ತು. ದಾರಿಯುದ್ದಕ್ಕೂ ನನ್ನ ತೊಡೆಯ ಮೇಲಿತ್ತು! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರೆ, ಇಲ್ಲಿ ಕಣ್ಣು ಮುಚ್ಚಿದ್ದು ಹಾಲು ಕಾಯುವವಳು.

"ಮೇಷ್ಟ್ರು ಕಲಿಸಿಕೊಟ್ರೇನು ಇದನ್ನ?" ಎಂದೆ. ಆಗಲೂ ನನ್ನ ಬುದ್ಧಿ ಅಲ್ಲಿಗೇ ಹೋಯಿತು ನೋಡಿ.

"ಇಲ್ಲವಾ. ಸಾರ್‌ಗೆ ಗೇಟಿನಾಗ ನನ್ನ ಮಾರಿ ನೋಡಿದ ಮ್ಯಾಲೇ ತಿಳೀತು. ನನ್ನ ಸಲುವಾಗಿ ಸುಮ್ಮನಾದ್ರು." ಆಮೇಲೆ, "ನಿಂಗ ಹೇಳಿದ್ರ ನೀ ಕೊಡ್ತಿದ್ದಿಲ್ಲ ಅವ್ವಾ. ನಾ ಓದಬೇಕಿತ್ತು," ಎಂದಳು. ಅಳುತ್ತಿದ್ದಳು. ನನಗೆ ಹೊಡೆಯಬೇಕೆನಿಸಿತು, ಅಪ್ಪಿಕೊಳ್ಳಬೇಕೆನಿಸಿತು, ಎರಡನ್ನೂ ಮಾಡಲಿಲ್ಲ. ಆಕೆ ಹೇಳಿದ್ದು ಖರೆ ಇತ್ತು. ನಾನು ಕೊಡುತ್ತಿರಲಿಲ್ಲ. ನನ್ನ ಕೈಯಾರೆ ಮಗಳನ್ನು ನನ್ನ ಹಾಗೇ ಮನೆಯಲ್ಲಿ ಕೂರಿಸುತ್ತಿದ್ದೆ. ನನಗೆ ನಾಚಿಕೆಯಾಯಿತು.

ಬಸ್ ಸ್ಟ್ಯಾಂಡಿನಲ್ಲಿ ಫೋನ್ ತೆಗೆದು 'ತಾಂಡೂರ್ ಏಜೆಂಟ್' ಎಂದಿದ್ದ ನಂಬರಿಗೆ ಕರೆ ಮಾಡಿದೆ. ಯಾರೆಂದು ಹೇಳಿದೆ, ತಪ್ಪಾಯಿತು ಎಂದೆ. ಇನ್ನೂ ಏನೇನೋ ಹೇಳಬೇಕೆಂದಿದ್ದೆ, ಅವರು ಬಿಡಲಿಲ್ಲ. "ಅದೆಲ್ಲ ಇರ್ಲಿ ಬಿಡ್ರಮ್ಮಾ. ಇಂಟರ್‌ನಾಗ ತೆಲುಗು ಎಷ್ಟು ಬಂದದ ಆಕಿಗೆ?" ಎಂದು ಕೇಳಿದರು. ಹೇಳಿದೆ. "ಶಾಬಾಸ್!" ಎಂದು ನಕ್ಕರು.

ಒರಿಜಿನಲ್ ಇದ್ದ ಕವರನ್ನು ಬಸ್ಸಿನಲ್ಲಿ ಮಗಳು ನನ್ನ ಕೈಗೆ ಕೊಡಲಿಲ್ಲ. ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ಕೂತಿದ್ದಳು. ನಾನೂ ಕೇಳಲಿಲ್ಲ.

ಮನೆಗೆ ಬಂದು ಟ್ರಂಕು ತೆಗೆದೆ. ನಮ್ಮನೆಯವರು ನನ್ನ ಮುಖ ನೋಡಿ ಎಮ್ಮೆ ಕಟ್ಟುವ ನೆಪದಲ್ಲಿ ಹಿತ್ತಿಲಿಗೆ ಜಾರಿದರು. ಸೀರೆಯ ಮಡಿಕೆಯಿಂದ ಲ್ಯಾಮಿನೇಷನ್ ಹಾಳೆ ತೆಗೆದು ಬಾಗಿಲ ಬೆಳಕಿಗೆ ಹಿಡಿದೆ. ಈಗ ನೋಡಿದರೆ ಯಾರಿಗೂ ಗೊತ್ತಾಗುವಂತಿತ್ತು. ಸೀಲಿನ ಉಬ್ಬೇ ಇಲ್ಲ, ಬಣ್ಣ ಮಾಸಲು, ಒಂದು ಅಂಚಿನಲ್ಲಿ ಮಷಿನಿನ ಕಪ್ಪು ಗೆರೆ. ಎರಡು ವರ್ಷ ಇದಕ್ಕೆ ಕೀಲಿ ಹಾಕಿ ಕಾವಲು ಕಾಯ್ದಿದ್ದೆ. ನಗು ಬರಬೇಕಿತ್ತು. ಆದರೆ ಅದನ್ನು ಹಿಡಿದು ನಿಂತಾಗ ಹಿಂದಿನ ಮನೆಯ ಹುಡುಗಿ ನೆನಪಾದಳು.

ಹಾಳೆಯನ್ನು ಹಿಡಿದುಕೊಂಡೇ ಅವರ ಮನೆಗೆ ಹೋದೆ. ಅವಳ ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಬಾ ಅಕ್ಕಾ, ಕೂಡು. ಚಾ ಇಡ್ತೀನಿ."

"ಚಾ ಬ್ಯಾಡ," ಎಂದೆ. ನಿಂತೇ ಹೇಳಿದೆ. ಕಲರ್ ಝೆರಾಕ್ಸು, ರೊಟ್ಟಿ ಚೀಲ, ರಿಜಿಸ್ಟರಿನ ಸಹಿ, ಒಂದನ್ನೂ ಬಿಡಲಿಲ್ಲ. ಅವಳು ಹಿಟ್ಟಿನ ಕೈಯಲ್ಲೇ ಹಾಳೆ ಇಸಿದುಕೊಂಡು ಬಹಳ ಹೊತ್ತು ನೋಡಿದಳು. ಓದಲು ಬಾರದವಳು, ಆದರೂ ನೋಡಿದಳು. ಹಾಳೆಯನ್ನು ನನ್ನ ಕೈಗೇ ಕೊಟ್ಟು ಮತ್ತೆ ರೊಟ್ಟಿ ಬಡಿಯತೊಡಗಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಒಳಗೆ ಓದುತ್ತ ಕೂತಿದ್ದ ಹುಡುಗಿ ಎಲ್ಲ ಕೇಳಿಸಿಕೊಂಡಿದ್ದಳು. ಕಾಮರ್ಸಿನ ಪುಸ್ತಕದಲ್ಲಿ ಬೆರಳಿಟ್ಟುಕೊಂಡೇ ಬಾಗಿಲಿಗೆ ಬಂದು ನಿಂತಳು.

"ದೊಡ್ಡವ್ವಾ," ಎಂದಳು, "ಅವತ್ತು ನಾ ಒರಿಜಿನಲ್ ಒಯ್ದಿದ್ರ ನಂಗೂ ಸೀಟು ಸಿಗ್ತಿತ್ತೇನು?"

ನಾನು ಬಾಗಿಲ ಹತ್ತಿರ ಹೋಗಿ ಅವಳ ಎದುರು ನಿಂತೆ.

"ಸಿಗ್ತಿತ್ತವಾ," ಎಂದೆ. "ನಾನೇ ತಪ್ಪಿಸಿದೆ."